ಗೆದ್ದವರ ಅಸಮಾಧಾನ

2025ರ ಜನವರಿಯ ಕೊನೆಯ ವಾರ ನ್ಯೂಜೆರ್ಸಿಯ ನನ್ನ ಕಚೇರಿಗೆ ಹಾಸನದ ಕಡೆಯ ದಂಪತಿ ಬಂದಿದ್ದರು. ಗಂಡನದು ಎಚ್-1ಬಿ, ಹೆಂಡತಿಯದು ಅವಲಂಬಿತ ವೀಸಾ. ಆಕೆಗೆ ಎಂಟನೆಯ ತಿಂಗಳು. ಪಾಸ್‌ಪೋರ್ಟುಗಳ ಜೊತೆಗೆ ಸ್ಕ್ಯಾನಿಂಗ್ ವರದಿಯನ್ನೂ ತಂದಿದ್ದ ಅವರು ಹೆರಿಗೆಯ ಅಂದಾಜು ದಿನಾಂಕದ ಕೆಳಗೆ ಪೆನ್ಸಿಲಿನಿಂದ ಎರಡು ಗೆರೆ ಎಳೆದಿದ್ದರು. ಆ ದಿನಾಂಕ ಮಾರ್ಚ್ 3. ಅಧ್ಯಕ್ಷ ಟ್ರಂಪ್ ಜನವರಿ 20ರಂದು ಸಹಿ ಮಾಡಿದ ಆದೇಶದ ಪ್ರಕಾರ, ಫೆಬ್ರವರಿ 19ರ ನಂತರ ಇಂಥ ತಾತ್ಕಾಲಿಕ ವೀಸಾದಾರರಿಗೆ ಹುಟ್ಟುವ ಮಕ್ಕಳಿಗೆ ಅಮೆರಿಕದ ಪೌರತ್ವ ಸಿಗುವಂತಿರಲಿಲ್ಲ. "ಸರ್, ಸಿಯಾಟಲ್‌ನ ಜಡ್ಜ್ ಒಬ್ಬರು ತಡೆ ಕೊಟ್ಟಿದ್ದಾರಂತಲ್ಲ, ಅದು ನಮಗೂ ಅನ್ವಯಿಸುತ್ತದೆಯೇ?" ಎಂದು ಗಂಡ ಕೇಳಿದರು. ಸದ್ಯಕ್ಕೆ ಅನ್ವಯಿಸುತ್ತದೆ ಎಂದೆ.

ಅದೇ ಸಂಜೆ ಪಕ್ಕದ ಕಚೇರಿಯ ಹಿರಿಯ ವಕೀಲರು ಇದೇ ಪ್ರಶ್ನೆಯನ್ನು ಬೇರೆ ಧಾಟಿಯಲ್ಲಿ ಎತ್ತಿದರು. ಅವರು ಜೀವಮಾನವಿಡೀ ರಿಪಬ್ಲಿಕನ್ ಪಕ್ಷಕ್ಕೇ ಮತ ಹಾಕಿದವರು. ಏಳೂಮುಕ್ಕಾಲು ಕೋಟಿಯಷ್ಟು ಜನ ಮತ ಕೊಟ್ಟು ಆರಿಸಿದ ಅಧ್ಯಕ್ಷನ ಆದೇಶವನ್ನು, ಯಾರ ಮತವನ್ನೂ ಕೇಳಬೇಕಿಲ್ಲದ ಒಬ್ಬ ಜಿಲ್ಲಾ ನ್ಯಾಯಾಧೀಶ ಮೂರು ದಿನದೊಳಗೆ ದೇಶದ ಉದ್ದಗಲಕ್ಕೂ ನಿಲ್ಲಿಸಬಹುದಾದರೆ ಚುನಾವಣೆ ಯಾತಕ್ಕೆ ಎಂಬುದು ಅವರ ತಕರಾರು. ನನ್ನ ಕಕ್ಷಿದಾರರ ಹಿತ ಆ ತಡೆಯಾಜ್ಞೆಯಲ್ಲೇ ಇದ್ದರೂ ಅವರ ಮಾತನ್ನು ತಳ್ಳಿಹಾಕಲು ನನಗೆ ಮನಸ್ಸಾಗಲಿಲ್ಲ. ಇಲ್ಲಿ ಆರುನೂರಕ್ಕೂ ಹೆಚ್ಚು ಫೆಡರಲ್ ಜಿಲ್ಲಾ ನ್ಯಾಯಾಧೀಶರಿದ್ದಾರೆ. ಸರ್ಕಾರ ಪ್ರತಿಯೊಬ್ಬರ ಮುಂದೆಯೂ ಗೆಲ್ಲಬೇಕು, ಎದುರು ಪಕ್ಷದವರು ಯಾರಾದರೂ ಒಬ್ಬರ ಮುಂದೆ ಗೆದ್ದರೆ ಸಾಕು. ಅನುಕೂಲವಾದ ನ್ಯಾಯಾಲಯವನ್ನು ಹುಡುಕಿ ದಾವೆ ಹೂಡುವುದು ನಮ್ಮ ವೃತ್ತಿಯಲ್ಲಿ ಗುಟ್ಟೇನಲ್ಲ.

ಆದರೆ ಇದೇ ಅಸ್ತ್ರ 2015ರ ಫೆಬ್ರವರಿಯಲ್ಲಿ ಸಂಪ್ರದಾಯವಾದಿಗಳ ಕೈಯಲ್ಲಿತ್ತು. ದಾಖಲೆಯಿಲ್ಲದ ವಲಸಿಗ ತಂದೆ ತಾಯಂದಿರಿಗೆ ರಕ್ಷಣೆ ಕೊಡುವ ಒಬಾಮಾ ಸರ್ಕಾರದ ಯೋಜನೆಯನ್ನು ಟೆಕ್ಸಸ್‌ನ ಗಡಿ ಊರಾದ ಬ್ರೌನ್ಸ್‌ವಿಲ್‌ನಲ್ಲಿ ಕುಳಿತ ನ್ಯಾಯಾಧೀಶ ಆಂಡ್ರ್ಯೂ ಹೇನನ್ ಇಡೀ ದೇಶಕ್ಕೆ ಅನ್ವಯಿಸುವಂತೆ ತಡೆದರು. ಅಂದು ಹಬ್ಬ ಮಾಡಿದವರು ಯಾರು, ಗೊಣಗಿದವರು ಯಾರು ಎಂದು ಕೇಳಿದ್ದಕ್ಕೆ ನನ್ನ ಹಿರಿಯ ಮಿತ್ರರು ನಕ್ಕರು, ಉತ್ತರಿಸಲಿಲ್ಲ.

ನ್ಯಾಯಾಲಯದ ಮೇಲಿನ ಈ ಸಿಟ್ಟು ಟ್ರಂಪ್ ಕಾಲದ್ದಲ್ಲ. 1960ರ ದಶಕದಲ್ಲಿ, ಉದಾರವಾದಿ ತೀರ್ಪುಗಳನ್ನು ಕೊಟ್ಟ ಮುಖ್ಯ ನ್ಯಾಯಮೂರ್ತಿ ಅರ್ಲ್ ವಾರೆನ್ ಅವರನ್ನು ವಾಗ್ದಂಡನೆಗೆ ಗುರಿಪಡಿಸಿ ಎಂಬ ಫಲಕಗಳು ಹೆದ್ದಾರಿಗಳ ಪಕ್ಕದಲ್ಲಿ ಎದ್ದಿದ್ದವು. ಆ ಸಿಟ್ಟಿನೊಳಗೊಂದು ವಿಶೇಷ ನೋವಿತ್ತು, ಏಕೆಂದರೆ ವಾರೆನ್ ಅವರನ್ನು 1953ರಲ್ಲಿ ನೇಮಿಸಿದ್ದು ರಿಪಬ್ಲಿಕನ್ ಅಧ್ಯಕ್ಷ ಐಸೆನ್‌ಹೋವರ್. 1990ರಲ್ಲಿ ಹಿರಿಯ ಬುಷ್ ಸುಪ್ರೀಂ ಕೋರ್ಟಿಗೆ ನೇಮಿಸಿದ ಡೇವಿಡ್ ಸೌಟರ್ ಕೂಡ ಕಾಲಕ್ರಮದಲ್ಲಿ ಉದಾರವಾದಿಗಳ ಸಾಲಿಗೇ ಸೇರಿದರು, ಮತ್ತು 'ಇನ್ನೊಬ್ಬ ಸೌಟರ್ ಬೇಡ' ಎಂಬುದು ಆ ಪಕ್ಷದಲ್ಲಿ ಮನೆಮಾತಾಯಿತು. ರೇಗನ್ ಆರಿಸಿದ ರಾಬರ್ಟ್ ಬೋರ್ಕ್ ಅವರನ್ನು 1987ರಲ್ಲಿ ಸೆನೆಟ್ 58–42ರಿಂದ ತಿರಸ್ಕರಿಸಿದ್ದನ್ನಂತೂ ಇಂದಿಗೂ ನಿನ್ನೆ ನಡೆದಂತೆ ಹೇಳಿಕೊಳ್ಳುತ್ತಾರೆ. 2016ರಲ್ಲಿ ಒಬಾಮಾ ಆರಿಸಿದ ಮೆರಿಕ್ ಗಾರ್ಲಂಡ್ ಅವರಿಗೆ ರಿಪಬ್ಲಿಕನ್ ಸೆನೆಟ್ ಒಂದು ವಿಚಾರಣೆಯನ್ನೂ ನಡೆಸಿಕೊಡದೆ ಲೆಕ್ಕ ಚುಕ್ತಾ ಮಾಡಿತು ಎಂಬುದು ಎದುರಾಳಿಗಳ ಗಾಯ.

ಕೇವಲ ಗೊಣಗುತ್ತ ಕೂರದೆ ಸಂಪ್ರದಾಯವಾದಿಗಳು ಕಂಡುಕೊಂಡ ಮದ್ದು ತಾಳ್ಮೆಯದಾಗಿತ್ತು. 1982ರಲ್ಲಿ ಯೇಲ್ ಮತ್ತು ಷಿಕಾಗೋ ಕಾನೂನು ವಿದ್ಯಾರ್ಥಿಗಳು ಕಟ್ಟಿದ ಫೆಡರಲಿಸ್ಟ್ ಸೊಸೈಟಿಯು ಸಂವಿಧಾನವನ್ನು ಅದು ಬರೆಯಲ್ಪಟ್ಟಾಗಿನ ಅರ್ಥದಲ್ಲೇ ಓದಬೇಕೆನ್ನುವ ವಕೀಲರನ್ನು ಒಂದು ಪೀಳಿಗೆಯುದ್ದಕ್ಕೂ ಗುರುತಿಸಿ, ಬೆಳೆಸಿ, ಪೀಠದವರೆಗೆ ಮುಟ್ಟಿಸಿತು. ಗರ್ಭಪಾತದ ಸಾಂವಿಧಾನಿಕ ಹಕ್ಕನ್ನು ರದ್ದುಗೊಳಿಸಿದ 2022ರ ತೀರ್ಪು ಆ ನಲವತ್ತು ವರ್ಷಗಳ ಫಲ.

ವಿಶ್ವವಿದ್ಯಾಲಯಗಳಲ್ಲಿ ಈ ಮದ್ದು ನಾಟಲಿಲ್ಲ. ಅದರ ಕಾರಣ ನಮ್ಮ ಓದುಗರಿಗೆ ಸುಲಭವಾಗಿ ತಿಳಿಯುತ್ತದೆ: ನ್ಯಾಯಾಧೀಶರೇ ನ್ಯಾಯಾಧೀಶರನ್ನು ಆರಿಸುವ ನಮ್ಮಂಥ ಕೊಲಿಜಿಯಂ ಅಮೆರಿಕದ ನ್ಯಾಯಾಲಯಕ್ಕೆ ಇಲ್ಲ, ಆದರೆ ವಿಶ್ವವಿದ್ಯಾಲಯಕ್ಕೆ ಒಂದು ಬಗೆಯ ಕೊಲಿಜಿಯಂ ಇದೆ. ನ್ಯಾಯಾಧೀಶರನ್ನು ಅಧ್ಯಕ್ಷ ನೇಮಿಸುತ್ತಾನೆ, ಸೆನೆಟ್ ಒಪ್ಪುತ್ತದೆ. ಆದ್ದರಿಂದ ಚುನಾವಣೆ ಗೆದ್ದವರು ನಿಧಾನವಾಗಿಯಾದರೂ ಪೀಠದ ಬಣ್ಣ ಬದಲಿಸಬಲ್ಲರು. ಪ್ರಾಧ್ಯಾಪಕರನ್ನು ಬಹುಮಟ್ಟಿಗೆ ಪ್ರಾಧ್ಯಾಪಕರೇ ಆರಿಸುತ್ತಾರೆ, ಕಾಯಂ ಮಾಡುವವರೂ ಅವರೇ. ಅಲ್ಲಿ ಉದಾರವಾದಿಗಳ ಸಂಖ್ಯೆ ಬಹಳ ಹೆಚ್ಚು ಎಂಬುದು ಸಂಪ್ರದಾಯವಾದಿಗಳ ಕಲ್ಪನೆಯೇನಲ್ಲ. ಗ್ಯಾಲಪ್ ಸಮೀಕ್ಷೆಯಲ್ಲಿ ಉನ್ನತ ಶಿಕ್ಷಣದ ಮೇಲೆ ಹೆಚ್ಚಿನ ವಿಶ್ವಾಸವಿದೆ ಎಂದ ರಿಪಬ್ಲಿಕನ್ನರು 2015ರಲ್ಲಿ ಶೇ 56ರಷ್ಟಿದ್ದವರು 2023ರ ಹೊತ್ತಿಗೆ ಶೇ 19ಕ್ಕೆ ಇಳಿದಿದ್ದರು. ವಿಶ್ವವಿದ್ಯಾಲಯಗಳೇ ಶತ್ರು ಎಂದು 2021ರಲ್ಲಿ ಭಾಷಣ ಮಾಡಿದ ಜೆ.ಡಿ. ವ್ಯಾನ್ಸ್ ಈಗ ಉಪಾಧ್ಯಕ್ಷರು. ಅವರ ಕಾನೂನು ಪದವಿಯೂ ಯೇಲ್‌ನದೇ.

ನೇಮಕದ ಬಾಗಿಲು ಮುಚ್ಚಿದ್ದರಿಂದ ಸರ್ಕಾರ ಹಣದ ಬಾಗಿಲಿಗೆ ಹೋಯಿತು. ಶ್ರೀಮಂತ ವಿಶ್ವವಿದ್ಯಾಲಯಗಳ ದತ್ತಿನಿಧಿಯ ಆದಾಯದ ಮೇಲೆ 2017ರಲ್ಲಿ ಶೇ 1.4ರಷ್ಟು ತೆರಿಗೆ ಹಾಕಲಾಗಿತ್ತು. 2025ರ ಕಾನೂನು ಅದರ ಗರಿಷ್ಠ ದರವನ್ನು ಶೇ 8ಕ್ಕೆ ಏರಿಸಿತು. ಇದು ಸಂಸತ್ತು ಮಾಡಿದ ಕಾನೂನು, ಯಾರೂ ಅನ್ಯಾಯದ ದಾರಿ ಎನ್ನಲಾಗದು. ಆದರೆ ಹಾರ್ವರ್ಡ್‌ನ 220 ಕೋಟಿ ಡಾಲರ್ ಸಂಶೋಧನಾ ಅನುದಾನವನ್ನು ತಡೆಹಿಡಿದ ಕ್ರಮವನ್ನು, ಯೆಹೂದಿ ದ್ವೇಷ ತಡೆಯುವ ನೆಪದಲ್ಲಿ ನಡೆದ ಸೈದ್ಧಾಂತಿಕ ದಾಳಿ ಎಂದು ನ್ಯಾಯಾಧೀಶೆ ಆಲಿಸನ್ ಬರೋಸ್ ಸೆಪ್ಟೆಂಬರ್‌ನಲ್ಲಿ ರದ್ದುಮಾಡಿದರು. ಅದಕ್ಕೂ ಮುಂಚೆ, ಮೇ 22ರಂದು, ವಿದೇಶಿ ವಿದ್ಯಾರ್ಥಿಗಳನ್ನು ಸೇರಿಸಿಕೊಳ್ಳುವ ಹಾರ್ವರ್ಡ್‌ನ ಅನುಮತಿಯನ್ನೇ ಸರ್ಕಾರ ಹಿಂತೆಗೆದುಕೊಂಡಿತ್ತು. ಅಂದು ರಾತ್ರಿ ಮೈಸೂರಿನಿಂದ ಒಬ್ಬ ತಂದೆ ಫೋನ್ ಮಾಡಿ, "ನಮ್ಮ ಹುಡುಗಿಯ ಐ-20 ಇನ್ನು ಬರೀ ಕಾಗದವೇ?" ಎಂದು, ವಿದ್ಯಾರ್ಥಿ ವೀಸಾಕ್ಕಾಗಿ ವಿಶ್ವವಿದ್ಯಾಲಯ ಕೊಡುವ ಪತ್ರದ ಬಗ್ಗೆ ಕೇಳಿದ್ದರು. ಮರುದಿನವೇ ತಡೆಯಾಜ್ಞೆ ಬಂತು, ಕೊಟ್ಟವರು ಅದೇ ಬರೋಸ್. ಅವರು ಒಬಾಮಾ ನೇಮಿಸಿದವರು ಎಂಬುದನ್ನು ಪಕ್ಕದ ಕಚೇರಿಯವರು ನೆನಪಿಸದೆ ಬಿಡಲಿಲ್ಲ. ಪ್ರಾಧ್ಯಾಪಕರ ಒಲವು ಸರಿಯಿಲ್ಲವೆಂದು ಪ್ರಯೋಗಾಲಯದ ಹಣ ನಿಲ್ಲಿಸುವುದು, ವಿದ್ಯಾರ್ಥಿಯ ವೀಸಾ ಕೀಳುವುದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆ ಎಂಬುದು ನನ್ನ ಅಭಿಪ್ರಾಯ.

ನೇಮಿಸಿದವರು ಯಾರು ಎಂಬ ಲೆಕ್ಕವೂ ಪ್ರತಿಸಲ ಹೊಂದುವುದಿಲ್ಲ. ಪೌರತ್ವದ ಆದೇಶವನ್ನು ಮೊದಲು ತಡೆದ ಸಿಯಾಟಲ್‌ನ ಜಾನ್ ಕಫೆನೌರ್ 1981ರಲ್ಲಿ ರೇಗನ್ ನೇಮಿಸಿದವರು. ಗಡೀಪಾರಿನ ವಿಮಾನಗಳನ್ನು ತಡೆಯಹೊರಟ ನ್ಯಾಯಾಧೀಶ ಬೋಸ್‌ಬರ್ಗ್ ಅವರ ವಾಗ್ದಂಡನೆಗೆ ಅಧ್ಯಕ್ಷರು ಮಾರ್ಚ್‌ನಲ್ಲಿ ಕರೆ ಕೊಟ್ಟಾಗ, ತೀರ್ಪು ಒಪ್ಪಿಗೆಯಾಗದಿದ್ದರೆ ಇರುವ ದಾರಿ ಮೇಲ್ಮನವಿ ಎಂದು ಬಹಿರಂಗವಾಗಿ ಹೇಳಿದ ಮುಖ್ಯ ನ್ಯಾಯಮೂರ್ತಿ ರಾಬರ್ಟ್ಸ್ ಕಿರಿಯ ಬುಷ್ ನೇಮಿಸಿದವರು.

ಜೂನ್ 27ರಂದು ಸುಪ್ರೀಂ ಕೋರ್ಟು, ಜಿಲ್ಲಾ ನ್ಯಾಯಾಧೀಶರು ದಾವೆಯಲ್ಲಿ ಇಲ್ಲದವರಿಗೂ ಸೇರಿಸಿ ದೇಶವ್ಯಾಪಿ ತಡೆ ಕೊಡುವಂತಿಲ್ಲವೆಂದು 6–3ರಿಂದ ತೀರ್ಪಿತ್ತಿತು. ಹಿರಿಯ ಮಿತ್ರರು ಅಂದು ಕಾಫಿ ಕೊಡಿಸಿದರು. ಹಾಸನದ ದಂಪತಿಗೆ ಮಗಳು ಹುಟ್ಟಿ ಆಗಲೇ ಮೂರು ತಿಂಗಳಾಗಿತ್ತು. ನನ್ನ ಮುಂದಿದ್ದದ್ದು ಆಗಸ್ಟಿನಲ್ಲಿ ಹೆರಿಗೆಯಾಗಬೇಕಿದ್ದ ಇನ್ನೊಂದು ಕುಟುಂಬದ ಕಡತ. ಹದಿಮೂರೇ ದಿನಕ್ಕೆ ನ್ಯೂ ಹ್ಯಾಂಪ್‌ಶೈರ್‌ನ ನ್ಯಾಯಾಧೀಶರೊಬ್ಬರು, ಇಂಥ ಮಕ್ಕಳೆಲ್ಲರನ್ನೂ ಒಂದು ವರ್ಗವಾಗಿ ಪರಿಗಣಿಸುವ ಸಾಮೂಹಿಕ ದಾವೆಯ ದಾರಿಯಲ್ಲಿ, ಅದೇ ಆದೇಶವನ್ನು ಮತ್ತೆ ತಡೆದರು. ಸುದ್ದಿ ಹೇಳಿದಾಗ ಮಿತ್ರರು ಕೇಳಿದ ಮೊದಲ ಪ್ರಶ್ನೆ, ಅವರನ್ನು ನೇಮಿಸಿದವರು ಯಾರು ಎಂಬುದು. ಬುಷ್ ಎಂದೆ.

"ಯಾವ ಬುಷ್?" ಎಂದರು, ಸೌಟರ್ ಅವರನ್ನು ಮರೆಯದವರಂತೆ.

ಮಗ ಎಂದೆ.