ರಿಜಿಸ್ಟರ್ ಆಗದ ಉಯಿಲೂ ಉಯಿಲೇ

ಹದಿಹರೆಯದವರಿಗೆಂದು ಬರೆದ ಪತ್ತೇದಾರಿ ಕಾದಂಬರಿಗಳ ಹಸ್ತಪ್ರತಿ ತಿದ್ದುವಾಗ, ಆಸ್ತಿಯ ಕಥೆಯಾದರೆ ಒಂದು ಮಾತು ಎದುರಾಗೇ ಆಗುತ್ತದೆ: "ಈ ಉಯಿಲು ರಿಜಿಸ್ಟರೇ ಆಗಿಲ್ಲ, ಇದು ಬರೀ ಕಾಗದ." ಅಲ್ಲಿಗೆ ಹುಡುಗಿ ಸೋಲುತ್ತಾಳೆ, ಚಿಕ್ಕಪ್ಪ ಗೆಲ್ಲುತ್ತಾನೆ. ಕೊನೆಗೆ ದೇವರ ಪೆಟ್ಟಿಗೆಯಲ್ಲೋ ಅಟ್ಟದ ಮೇಲೋ ರಿಜಿಸ್ಟರ್ ಆದ ಇನ್ನೊಂದು ಉಯಿಲು ಸಿಕ್ಕಿ ಎಲ್ಲ ಸರಿಹೋಗುತ್ತದೆ. ಈ ತಿರುವನ್ನು ದಯವಿಟ್ಟು ಬಿಟ್ಟುಬಿಡಿ. ಇದು ಸುಳ್ಳು. ಹದಿನೈದರ ಓದುಗ ಇದನ್ನು ನಿಜವೆಂದೇ ನಂಬುತ್ತಾನೆ, ನಾಳೆ ಅವನ ಮನೆಯಲ್ಲೇ ಅಜ್ಜನ ಕಾಗದ ಹೊರಬಂದಾಗ ಇದೇ ಮಾತು ಆಡುತ್ತಾನೆ.

1908ರ ನೋಂದಣಿ ಕಾಯ್ದೆಯ 18ನೇ ಸೆಕ್ಷನ್ ಪ್ರಕಾರ ಉಯಿಲಿನ ನೋಂದಣಿ ಐಚ್ಛಿಕ. ಛಾಪಾ ಕಾಗದವೂ ಬೇಕಿಲ್ಲ, ಬಿಳಿ ಹಾಳೆ ಸಾಕು. ಬೇಕಾದದ್ದೇನು ಎಂದು 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯ 63ನೇ ಸೆಕ್ಷನ್ ಹೇಳುತ್ತದೆ: ಬರೆಸಿದವರ ಸಹಿ ಅಥವಾ ಹೆಬ್ಬೆಟ್ಟು, ಜೊತೆಗೆ ಕನಿಷ್ಠ ಇಬ್ಬರು ಸಾಕ್ಷಿಗಳು. (ಹಿಂದೂ ಕುಟುಂಬದ ಕಥೆ ಎಂದಿಟ್ಟುಕೊಂಡು ಹೇಳುತ್ತಿದ್ದೇನೆ. ಮುಸ್ಲಿಂ ಕುಟುಂಬವಾದರೆ ನಿಯಮವೇ ಬೇರೆ. ಅಲ್ಲಿ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಬರೆದರೆ ವಾರಸುದಾರರ ಒಪ್ಪಿಗೆಯ ಪ್ರಶ್ನೆ ಬರುತ್ತದೆ.)

ಕಥೆಯ ಜೀವ ಇರುವುದು ಆ ಇಬ್ಬರು ಸಾಕ್ಷಿಗಳಲ್ಲಿ. ಇದನ್ನು ಎಷ್ಟು ಸಲ ಹೇಳಿದರೂ ಸಾಲದು, ಬಿಡಿಸಿಯೇ ಹೇಳುತ್ತೇನೆ. ಅಜ್ಜ ಸಹಿ ಹಾಕಿದ್ದನ್ನು ಪ್ರತಿ ಸಾಕ್ಷಿಯೂ ಕಣ್ಣಾರೆ ನೋಡಿರಬೇಕು, ಇಲ್ಲವೇ "ಇದು ನನ್ನದೇ ಸಹಿ" ಎಂದು ಅಜ್ಜನೇ ಅವರಿಗೆ ಹೇಳಿರಬೇಕು. ಆಮೇಲೆ ಸಾಕ್ಷಿ ಅಜ್ಜನ ಎದುರಿಗೇ ಸಹಿ ಹಾಕಬೇಕು. ಆದರೆ ಇಬ್ಬರು ಸಾಕ್ಷಿಗಳೂ ಒಂದೇ ಹೊತ್ತಿಗೆ ಅಲ್ಲಿರಬೇಕೆಂದಿಲ್ಲ. ಒಬ್ಬರು ಬೆಳಿಗ್ಗೆ ಬಂದು ಹೋಗಿರಬಹುದು, ಇನ್ನೊಬ್ಬರು ಸಂಜೆ ಬಂದಿರಬಹುದು. ಒಬ್ಬರಿಗೆ ಇನ್ನೊಬ್ಬರು ಯಾರೆಂದೇ ಗೊತ್ತಿಲ್ಲದಿರಬಹುದು. ಪತ್ತೇದಾರಿ ಬರೆಯುವವರಿಗೆ ಇದಕ್ಕಿಂತ ಒಳ್ಳೆಯ ಬೀಜ ಎಲ್ಲಿ ಸಿಕ್ಕೀತು?

ಸಾಕ್ಷಿಯ ಪಕ್ಕದಲ್ಲೇ ಇನ್ನೊಬ್ಬನಿದ್ದಾನೆ, ಬಿಕ್ಕಲಂ. ಪತ್ರ ಬರೆದುಕೊಟ್ಟವನು. ಹಳೆಯ ಪತ್ರಗಳ ಕೊನೆಯಲ್ಲಿ "ಬಿಕ್ಕಲಂ" ಎಂದು ಬರೆದು ಅವನೂ ಸಹಿ ಹಾಕಿರುತ್ತಾನೆ. ಹಸ್ತಪ್ರತಿಗಳಲ್ಲಿ ಇವನನ್ನು ಎರಡನೇ ಸಾಕ್ಷಿ ಎಂದು ಸಲೀಸಾಗಿ ಎಣಿಸಿಬಿಡುತ್ತಾರೆ. ಹಾಗೆ ಎಣಿಸುವಂತಿಲ್ಲ. ಬರೆದವನಾಗಿ ಹಾಕಿದ ಸಹಿ ಬೇರೆ, ಸಾಕ್ಷಿಯಾಗಬೇಕೆಂಬ ಉದ್ದೇಶದಿಂದ ಹಾಕಿದ ಸಹಿ ಬೇರೆ. ಒಬ್ಬ ಸಾಕ್ಷಿ, ಒಬ್ಬ ಬಿಕ್ಕಲಂ ಇರುವ ಉಯಿಲು ಕೋರ್ಟಿನಲ್ಲಿ ಬೀಳಬಹುದು, ಆ ಬಿಕ್ಕಲಂ ಬಂದು ಹೇಳುವ ಮಾತಿನ ಮೇಲೆ ನಿಲ್ಲಲೂಬಹುದು. ಖಚಿತವಾಗಿ ಇಂತಿಷ್ಟೇ ಎಂದು ವಕೀಲರೂ ಮೊದಲೇ ಹೇಳಲಾರರು.

ಕೋರ್ಟಿಗೆ ಹೋದಾಗ ಸಾಕ್ಷಿ ಬದುಕಿದ್ದರೆ ಕನಿಷ್ಠ ಒಬ್ಬರನ್ನಾದರೂ ಕರೆಸಲೇಬೇಕು. ಹಿಂದೆ ಇದು 1872ರ ಸಾಕ್ಷ್ಯ ಕಾಯ್ದೆಯ 68ನೇ ಸೆಕ್ಷನ್‌ನಲ್ಲಿತ್ತು. 2024ರ ಜುಲೈ 1ರಿಂದ ಭಾರತೀಯ ಸಾಕ್ಷ್ಯ ಅಧಿನಿಯಮದ 67ನೇ ಸೆಕ್ಷನ್‌ನಲ್ಲಿದೆ. ಕಥೆ ಯಾವ ವರ್ಷದ್ದೆಂದು ನೋಡಿಕೊಂಡು ವಕೀಲನ ಬಾಯಲ್ಲಿ ಸಂಖ್ಯೆ ಹಾಕಿ. ಇಬ್ಬರು ಸಾಕ್ಷಿಗಳೂ ತೀರಿಕೊಂಡಿದ್ದರೆ? ಉಯಿಲು ಅಲ್ಲಿಗೇ ಸಾಯುವುದಿಲ್ಲ. ಒಬ್ಬ ಸಾಕ್ಷಿಯ ಕೈಬರಹ ಅವರದೇ ಎಂದೂ, ಅಜ್ಜನ ಸಹಿ ಅಜ್ಜನದೇ ಎಂದೂ ರುಜುವಾತು ಮಾಡಬಹುದು. ಸಾಕ್ಷಿ ಊರಿನ ಮೇಷ್ಟ್ರಾಗಿದ್ದರೆ ನಿಮ್ಮ ನಾಯಕಿ ಹುಡುಕಬೇಕಾದದ್ದು ನಿಧಿಯನ್ನಲ್ಲ, ಶಾಲೆಯ ಹಳೆಯ ಹಾಜರಿ ಪುಸ್ತಕವನ್ನು. ಹಾಲಿನ ಡೇರಿಯ ಕಾರ್ಯದರ್ಶಿಯಾಗಿದ್ದರೆ ಸಂಘದ ನಡಾವಳಿ ಪುಸ್ತಕವನ್ನು.

ನೋಂದಣಿಯಾದರೆ ಯಾರೂ ಅಲ್ಲಾಡಿಸಲಾರರು ಎಂಬುದು ಇದೇ ತಪ್ಪಿನ ಇನ್ನೊಂದು ಮುಖ. ಮೈಸೂರಿನಿಂದ ಸುಪ್ರೀಂ ಕೋರ್ಟಿಗೆ ಹೋದ ಒಂದು ಮೊಕದ್ದಮೆ, ಎಚ್. ವೆಂಕಟಾಚಲ ಅಯ್ಯಂಗಾರ್ ಮತ್ತು ಬಿ.ಎನ್. ತಿಮ್ಮಾಜಮ್ಮ ಅವರದ್ದು, 1958ರಲ್ಲಿ ತೀರ್ಮಾನವಾಯಿತು. ಉಯಿಲಿನ ವ್ಯಾಜ್ಯಗಳಲ್ಲಿ ಇಂದಿಗೂ ದೇಶದುದ್ದಕ್ಕೂ ಅದನ್ನೇ ಎತ್ತಿ ಹೇಳುತ್ತಾರೆ. ಉಯಿಲು ಬರೆಸುವುದರಲ್ಲಿ ಮುಂದೆ ನಿಂತವನಿಗೇ ದೊಡ್ಡ ಪಾಲು ಬಂದಿದ್ದರೆ, ಅದೇ ಒಂದು ಸಂಶಯದ ಸಂಗತಿ; ಆ ಸಂಶಯ ನಿವಾರಿಸುವ ಹೊಣೆ ಉಯಿಲು ಹಿಡಿದು ಬಂದವನದೇ. ಸಹಿ ನಡುಗಿದೆಯೇ, ಬರೆಸಿದವರಿಗೆ ಆಗ ಬುದ್ಧಿ ಸ್ಥಿಮಿತದಲ್ಲಿತ್ತೇ, ಹೆಂಡತಿ ಮಕ್ಕಳನ್ನು ಕಾರಣವಿಲ್ಲದೆ ಬಿಟ್ಟಿದ್ದಾರೆಯೇ, ಇವೆಲ್ಲ ಲೆಕ್ಕಕ್ಕೆ ಬರುತ್ತವೆ. ರಿಜಿಸ್ಟರ್ ಆದ ಉಯಿಲಿಗೂ ಈ ಪ್ರಶ್ನೆಗಳು ತಪ್ಪಿದ್ದಲ್ಲ.

ನೋಂದಣಿ ಕಚೇರಿಯನ್ನು ಕಥೆಯಲ್ಲಿ ತರಲೇಬೇಕೆಂದಿದ್ದರೆ ಸರಿಯಾಗಿ ತನ್ನಿ. ಚಿಕ್ಕಪ್ಪ ಸಬ್ ರಿಜಿಸ್ಟ್ರಾರ್ ಕಚೇರಿಗೆ ಹೋಗಿ ಇ.ಸಿ. (ಆಸ್ತಿಯ ಕ್ರಯ, ಅಡಮಾನಗಳನ್ನು ತೋರಿಸುವ ಋಣಭಾರ ಪ್ರಮಾಣಪತ್ರ) ತೆಗೆಸಿ ಅಜ್ಜನ ಉಯಿಲು ಪತ್ತೆ ಮಾಡುವ ದೃಶ್ಯ ಪದೇಪದೇ ಬರುತ್ತದೆ. ಕ್ರಯ, ಅಡಮಾನದ ಪತ್ರಗಳು ಒಂದನೇ ಪುಸ್ತಕಕ್ಕೆ ಹೋಗುತ್ತವೆ, ಇ.ಸಿ. ಬರುವುದು ಅದರಿಂದ. ಉಯಿಲು ಹೋಗುವುದು ಮೂರನೇ ಪುಸ್ತಕಕ್ಕೆ. ಅಜ್ಜ ಬದುಕಿರುವ ತನಕ ಅದರ ನಕಲು ಅಜ್ಜನಿಗೆ ಅಥವಾ ಅವರ ಏಜೆಂಟನಿಗೆ ಮಾತ್ರ. ತೀರಿಕೊಂಡ ಮೇಲೆ ಅರ್ಜಿ ಹಾಕಿದ ಯಾರಿಗಾದರೂ ಕೊಡುತ್ತಾರೆ. ಅಂದರೆ ಚಿಕ್ಕಪ್ಪನಿಗೆ ಗುಟ್ಟು ತಿಳಿಯುವ ದಾರಿ ಅಜ್ಜನ ಸಾವಿಗೆ ಮುಂಚೆ ಇಲ್ಲ, ನಂತರ ಇದೆ. ನಿಮ್ಮ ಕಥೆಯ ಕಾಲಪಟ್ಟಿ ಇದಕ್ಕೆ ಹೊಂದಬೇಕು.

ಇನ್ನೂ ಚೆಂದದ ದಾರಿಯೊಂದಿದೆ, ಯಾಕೋ ಯಾರೂ ಬಳಸುವುದಿಲ್ಲ. ಉಯಿಲನ್ನು ಲಕೋಟೆಯಲ್ಲಿಟ್ಟು, ಮೊಹರು ಹಾಕಿ, ಜಿಲ್ಲಾ ನೋಂದಣಾಧಿಕಾರಿಯ ಬಳಿ ಠೇವಣಿ ಇಡಬಹುದು. ಸಬ್ ರಿಜಿಸ್ಟ್ರಾರ್ ಬಳಿ ಅಲ್ಲ, ಜಿಲ್ಲಾ ಕಚೇರಿಯಲ್ಲಿ. ಅಧಿಕಾರಿ ಒಳಗೇನಿದೆ ಎಂದು ನೋಡುವುದಿಲ್ಲ. ತಂದುಕೊಟ್ಟ ವರ್ಷ, ತಿಂಗಳು, ದಿನ, ಗಂಟೆ, ಅಜ್ಜ ಇವರೇ ಎಂದು ಗುರುತು ಹೇಳಿದವರ ಹೆಸರು, ಮೊಹರಿನ ಮೇಲೆ ಓದಲು ಬರುವ ಅಕ್ಷರ, ಇಷ್ಟನ್ನು ಐದನೇ ಪುಸ್ತಕದಲ್ಲಿ ಬರೆದು, ಲಕೋಟೆಯನ್ನು ಬೆಂಕಿ ತಾಗದ ಪೆಟ್ಟಿಗೆಯಲ್ಲಿ ಇಡುತ್ತಾರೆ. ಸಾವಿನ ನಂತರ ಯಾರಾದರೂ ಅರ್ಜಿ ಕೊಟ್ಟಾಗ ಅವರ ಎದುರೇ ಒಡೆದು ಮೂರನೇ ಪುಸ್ತಕಕ್ಕೆ ನಕಲು ಮಾಡಿ, ಮೂಲವನ್ನು ಮತ್ತೆ ಠೇವಣಿಗೆ ಇಡುತ್ತಾರೆ. ಅಜ್ಜನ ಉಂಗುರದ ಅಚ್ಚು ಆ ಅರಗಿನ ಮೇಲಿದ್ದರೆ, ಉಂಗುರ ಈಗ ಯಾರ ಬೆರಳಲ್ಲಿದೆ?

ಸೃಷ್ಟಿಸಿದ ಉಯಿಲನ್ನು ಹಿಡಿಯಲು ನಮ್ಮ ಪತ್ರಗಳಲ್ಲೇ ಸುಳಿವು ತುಂಬಿದೆ. ಚಕ್ಕುಬಂದಿ, ಅಂದರೆ ಆಸ್ತಿಯ ನಾಲ್ಕೂ ದಿಕ್ಕಿನ ಎಲ್ಲೆಯ ವಿವರ, ಓದಿ. 1998ರ ತಾರೀಖಿನ ಉಯಿಲಿನಲ್ಲಿ "ಪೂರ್ವಕ್ಕೆ ಅಂಗನವಾಡಿ ಕಟ್ಟಡ" ಎಂದಿದೆ, ಅಂಗನವಾಡಿಯ ಗೋಡೆಯಲ್ಲಿರುವ ಉದ್ಘಾಟನಾ ಕಲ್ಲು 2006 ಎನ್ನುತ್ತದೆ. ಹದಿನಾರರ ಹುಡುಗಿ ಸೈಕಲ್ ನಿಲ್ಲಿಸಿ ಓದಬಹುದಾದ ಕಲ್ಲು ಅದು. ಕಳ್ಳ ಅನಗತ್ಯವಾಗಿ ಛಾಪಾ ಕಾಗದ ಬಳಸಿದ್ದರೆ ಹಿಂಬದಿಯಲ್ಲಿ ಮಾರಿದವನ ಸೀಲು, ಕ್ರಮಸಂಖ್ಯೆ, ದಿನಾಂಕ, ಕೊಂಡವನ ಹೆಸರು ಇರುತ್ತವೆ. ಒಂದು ಸರ್ವೆ ನಂಬರ್ ಹೊಡೆದು ಮೇಲೆ ಇನ್ನೊಂದು ಬರೆದಿದ್ದರೆ, ಆ ತಿದ್ದುಪಡಿಯ ಹತ್ತಿರವೂ ಅಜ್ಜ ಮತ್ತು ಸಾಕ್ಷಿಗಳ ಸಹಿ ಬೇಕು. ಇಲ್ಲದಿದ್ದರೆ ತಿದ್ದಿದ್ದು ಲೆಕ್ಕಕ್ಕಿಲ್ಲ, ಕೆಳಗಿನ ಹಳೆಯ ನಂಬರ್ ಓದಲು ಬಂದರೆ ಅದೇ ಉಳಿಯುತ್ತದೆ.

ಕೊನೆಯದಾಗಿ ನಾಯಕಿಯ ವಯಸ್ಸು. ಹದಿನಾರರ ಹುಡುಗಿ ಉಯಿಲಿನಿಂದ ಮನೆ ಪಡೆಯಬಹುದು, ಆದರೆ ಕ್ರಯಪತ್ರಕ್ಕೆ ಸಹಿ ಹಾಕಲಾರಳು. ಅವಳ ಪರವಾಗಿ ತಾಯಿ ಮಾರಬೇಕೆಂದರೂ, 1956ರ ಹಿಂದೂ ಅಪ್ರಾಪ್ತ ವಯಸ್ಕತೆ ಮತ್ತು ಪೋಷಕತ್ವ ಕಾಯ್ದೆಯಂತೆ ಮೊದಲೇ ಕೋರ್ಟಿನ ಅನುಮತಿ ಬೇಕು. ಚಿಕ್ಕಪ್ಪನಿಗಂತೂ ಮಾರುವ ಅಧಿಕಾರವೇ ಇಲ್ಲ. ಅವನ ಒತ್ತಾಯಕ್ಕೆ ತಾಯಿ ಅನುಮತಿಯಿಲ್ಲದೆ ಮಾರಿಬಿಟ್ಟರೆ, ಹದಿನೆಂಟು ತುಂಬಿದ ಮೇಲೆ ಮೂರು ವರ್ಷದೊಳಗೆ ಮಗಳು ಆ ಕ್ರಯವನ್ನು ಪ್ರಶ್ನಿಸಿ ದಾವೆ ಹೂಡಬಹುದು. ಹೀಗಾಗಿ ಅವಳ ಹುಟ್ಟಿದ ದಿನಾಂಕವನ್ನು ಮೊದಲ ಅಧ್ಯಾಯದಲ್ಲೇ, ಎಸ್ಸೆಸ್ಸೆಲ್ಸಿ ಅಂಕಪಟ್ಟಿಯ ಒಂದು ಸಾಲಿನಲ್ಲಾದರೂ, ಓದುಗರ ಕಣ್ಣಿಗೆ ಬೀಳುವಂತೆ ಇಡಿ.