ಪಕ್ಕಕ್ಕೆ ನೋಡುವ ಲೆನ್ಸು

ವಿಯೆನ್ನಾದ ಹಾನ್ಸ್ ಹಾಸ್ ಮೊದಲು ಓದುತ್ತಿದ್ದದ್ದು ಕಾನೂನು. 1937ರಲ್ಲಿ ಫ್ರಾನ್ಸಿನ ಕಡಲತೀರಕ್ಕೆ ಹೋದಾಗ, ಒಬ್ಬಾತ ನೀರಿಗಿಳಿದು ಈಟಿಯಲ್ಲಿ ಮೀನು ಹೊಡೆಯುವುದನ್ನು ಕಂಡರು. ಕಾನೂನಿನ ಮೇಲಿನ ಮನಸ್ಸು ಹೋಯಿತು. ಪ್ರಾಣಿಶಾಸ್ತ್ರ ಹಿಡಿದರು, ಕೈಗೆ ಕ್ಯಾಮೆರಾ ಬಂತು.

ಆಗಿನ ಮುಳುಗುಗಾರರದ್ದು ಲೋಹದ ಹೆಲ್ಮೆಟ್ಟು, ಸೀಸದ ಬೂಟು, ಮೇಲಿಂದ ಗಾಳಿ ತರುವ ಕೊಳವೆ. ಇಂಥವರ ಮುಂದೆ ಯಾವ ಮೀನು ತನ್ನ ಪಾಡಿಗೆ ಇದ್ದೀತು? ಹಾಸ್ ಇದೆಲ್ಲ ಬಿಟ್ಟು ಆಕ್ಸಿಜನ್ ಉಪಕರಣ ಕಟ್ಟಿಕೊಂಡು ಈಜಿದರು. ಬಿಟ್ಟ ಉಸಿರಿನಲ್ಲಿರುವ ಕಾರ್ಬನ್ ಡೈಆಕ್ಸೈಡನ್ನು ಅದು ಹೀರಿಕೊಂಡು, ಉಳಿದ ಆಕ್ಸಿಜನ್ನನ್ನು ಮತ್ತೆ ಉಸಿರಿಗೇ ಕೊಡುತ್ತದೆ. ಗುಳ್ಳೆಗಳ ಗಲಾಟೆ ಇಲ್ಲ. ಅಪಾಯ ಮಾತ್ರ ಸಣ್ಣದಲ್ಲ: ಆಳಕ್ಕಿಳಿದಂತೆ ಶುದ್ಧ ಆಕ್ಸಿಜನ್ನೇ ವಿಷವಾಗುತ್ತದೆ. ಹೀಗೆ ಕೆಂಪು ಸಮುದ್ರದಲ್ಲಿ ತೆಗೆದ ಅವರ ಸಾಕ್ಷ್ಯಚಿತ್ರಕ್ಕೆ 1951ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ಬಹುಮಾನ ಬಂತು.

ನನಗೆ ಹೆಚ್ಚು ಕುತೂಹಲ ಹುಟ್ಟಿಸುವುದು ಅವರು ಆಮೇಲೆ ಮಾಡಿದ್ದು. 1960ರ ದಶಕದಲ್ಲಿ ಅದೇ ಕ್ಯಾಮೆರಾ ಮನುಷ್ಯರ ಕಡೆ ತಿರುಗಿತು. ಜೊತೆಗಿದ್ದವರು ಮತ್ತೊಬ್ಬ ಪ್ರಾಣಿಶಾಸ್ತ್ರಜ್ಞ, ಐಬ್ಲ್-ಐಬೆಸ್‌ಫೆಲ್ಟ್. 1953ರಲ್ಲಿ 'ಕ್ಸಾರಿಫಾ' ಹಡಗಿನಲ್ಲಿ ಹಾಸ್ ಜೊತೆ ಗಲಾಪಗೋಸ್ ಕಡೆಗೆ ಹೊರಟಿದ್ದವರೇ ಇವರು.

ಇಲ್ಲೂ ತೊಂದರೆ ಅದೇ. ಕ್ಯಾಮೆರಾ ಕಂಡ ತಕ್ಷಣ ನಾವು ಅಂಗಿ ಸರಿಮಾಡಿಕೊಳ್ಳುತ್ತೇವೆ, ಸುಮ್ನೆ ನಗುತ್ತೇವೆ, ಅಲ್ವಾ? ಅದಕ್ಕೆ ಲೆನ್ಸಿನ ಮುಂದೆ ಪಕ್ಕಕ್ಕೆ ತಿರುಗಿಸಿದ ಕನ್ನಡಿ ಬಂತು. ಕ್ಯಾಮೆರಾ ಮರದ ಕಡೆ ಮುಖ ಮಾಡಿರುತ್ತದೆ, ಫಿಲ್ಮಿಗೆ ಸಿಗುವುದು ಬದಿಯಲ್ಲಿ ಕೂತವರು. ಕೆಲವನ್ನು ನಿಧಾನ ಚಲನೆಯಲ್ಲಿ ತೋರಿಸಿದರು, ಕೆಲವನ್ನು ವೇಗ ಹೆಚ್ಚಿಸಿ.

ನಿಧಾನ ಮಾಡಿದಾಗಲೇ ಐಬ್ಲ್ ಕಣ್ಣಿಗೆ ಹುಬ್ಬು ಬಿದ್ದದ್ದು. ಪರಿಚಯದವರು ದೂರದಿಂದ ಕಂಡರೆ ಹುಬ್ಬು ಚಕ್ಕನೆ ಮೇಲೇರಿ ಇಳಿಯುತ್ತದೆ. ಎಷ್ಟು ಹೊತ್ತು? ಸೆಕೆಂಡಿನ ಆರನೇ ಒಂದು ಭಾಗ. ಯುರೋಪಿನವರಲ್ಲಿ, ಅಮೆಜಾನಿನ ಯಾನೊಮಾಮಿಗಳಲ್ಲಿ, ಪಪುವಾದವರಲ್ಲಿ, ಎಲ್ಲರಲ್ಲೂ ಅದು ಕಂಡಿತು. ಜಪಾನಿನಲ್ಲಿ ದೊಡ್ಡವರು ಪರಸ್ಪರ ಹಾಗೆ ಮಾಡುವುದು ಸಭ್ಯತೆಯಲ್ಲ ಎಂದೂ ಅವರು ಬರೆದರು. ಅಂದರೆ ಚಲನೆ ಹುಟ್ಟಿನಿಂದ ಬಂದಿರಬಹುದು, ಅದಕ್ಕೆ ಕಡಿವಾಣ ಹಾಕುವುದು ಸಮಾಜ. ಹುಟ್ಟಿನಿಂದ ಕಿವುಡೂ ಕುರುಡೂ ಆದ ಮಕ್ಕಳನ್ನೂ ಐಬ್ಲ್ ಚಿತ್ರೀಕರಿಸಿದರು. ಯಾರ ನಗುವನ್ನೂ ನೋಡದ ಆ ಮಕ್ಕಳು ನಮ್ಮಂತೆಯೇ ನಗುತ್ತಿದ್ದರು.

ಆದರೂ ಆ ಕನ್ನಡಿ ಲೆನ್ಸು ನನಗೆ ಇರುಸುಮುರುಸು ಉಂಟುಮಾಡುತ್ತದೆ. ಗೊತ್ತಿಲ್ಲದಂತೆ ಮೀನಿನ ಚಿತ್ರ ತೆಗೆದರೆ ಯಾರದೂ ತಕರಾರಿಲ್ಲ. ಎದೆಹಾಲು ಕುಡಿಸುತ್ತಿರುವ ತಾಯಿಯನ್ನೋ, ಸಾವಿಗೆ ಅಳುತ್ತಿರುವವರನ್ನೋ ಹಾಗೆ ತೆಗೆಯಬಹುದೇ? ಮೊದಲೇ ಕೇಳಿದರೆ ಸಹಜತೆ ಹೋಗುತ್ತದೆ ಎಂಬ ವಾದ ಅರ್ಥವಾಗುತ್ತದೆ. ಕನಿಷ್ಠ ಆಮೇಲಾದರೂ ಕೇಳಬಹುದಲ್ಲ.