ಹಿಮವನ್ನೇ ನಂಬಿದ ಎಂಜಿನ್

ಹಿಮದ ಮೇಲೆ ಓಡುವ ವಾಹನವಾದ ಸ್ನೋಮೊಬೈಲಿನ ಹೊಸ ಮಾದರಿ ಬಂದಾಗ ಸವಾರರು ಮೊದಲು ಕೇಳುವುದು ಅಶ್ವಶಕ್ತಿ ಎಷ್ಟು, ತೂಕ ಎಷ್ಟು ಎಂದು. ಎಂಜಿನ್ ಪರೀಕ್ಷೆಯನ್ನೇ ವೃತ್ತಿಯಾಗಿಸಿಕೊಂಡ ನಾನು ಮೊದಲು ವಾಹನವನ್ನು ಒಂದು ಬದಿಗೆ ವಾಲಿಸಿ, ಚಕ್ರಗಳ ಬದಲು ಸುತ್ತುವ ರಬ್ಬರ್ ಪಟ್ಟಿಯಾದ ಟ್ರ್ಯಾಕಿನ ಮೇಲಿರುವ ಅಲ್ಯೂಮಿನಿಯಂ ಹೊದಿಕೆಯ, ಅಂದರೆ ಸುರಂಗದ, ಒಳಮೈ ನೋಡುತ್ತೇನೆ. ಎಂಜಿನ್ನಿನ ಶಾಖವನ್ನು ಹೊರಹಾಕುವ ಉಷ್ಣ ವಿನಿಮಯಕಗಳು ಅಲ್ಲಿ ಎಷ್ಟು ಉದ್ದ ಇವೆ, ಎಲ್ಲಿ ಮುಗಿಯುತ್ತವೆ ಎಂಬುದು ಆ ಎಂಜಿನ್ ಎಷ್ಟು ಕಾಲ ಬಾಳೀತು ಎಂಬುದರ ಬಗ್ಗೆ ಜಾಹೀರಾತಿಗಿಂತ ಹೆಚ್ಚು ಹೇಳುತ್ತದೆ.

ಕಾರಿನಲ್ಲಿ ರೇಡಿಯೇಟರ್ ಇರುತ್ತದೆ, ಎದುರುಗಾಳಿ ಅದನ್ನು ತಣಿಸುತ್ತದೆ. ದ್ರವದಿಂದ ತಂಪಾಗುವ ಬಹುತೇಕ ಸ್ನೋಮೊಬೈಲ್‌ಗಳಲ್ಲಿ ಆ ಕೆಲಸ ಟ್ರ್ಯಾಕ್ ಎರಚುವ ಹಿಮದ್ದು. ಬಿಸಿಯಾದ ಕೂಲಂಟ್ ಸುರಂಗದ ಛಾವಣಿಯಲ್ಲಿರುವ ವಿನಿಮಯಕಗಳ ಮೂಲಕ ಹರಿಯುತ್ತದೆ, ಅವುಗಳಿಗೆ ಬಡಿದ ಹಿಮ ಕರಗುವಾಗ ಶಾಖವನ್ನು ಹೀರಿಕೊಳ್ಳುತ್ತದೆ. ಸೊನ್ನೆ ಡಿಗ್ರಿಯ ಒಂದು ಕಿಲೋ ಹಿಮ ನೀರಾಗಲು 334 ಕಿಲೋಜೌಲ್ ಶಾಖ ಬೇಕು. ಕೂಲಂಟ್ 50 ಕಿಲೋವ್ಯಾಟ್ ಶಾಖವನ್ನು ಹೊರಹಾಕಬೇಕಿದೆ ಎಂದು ಇಟ್ಟುಕೊಂಡರೆ, ಪ್ರತಿ ಸೆಕೆಂಡಿಗೆ ಸುಮಾರು 150 ಗ್ರಾಂ ಹಿಮ ಕರಗಿದರೆ ಸಾಕು. ಆಳವಾದ ಹಿಮದಲ್ಲಿ ಟ್ರ್ಯಾಕ್ ಅದಕ್ಕಿಂತ ಎಷ್ಟೋ ಹೆಚ್ಚನ್ನು ಎರಚುತ್ತದೆ. ಈ ಲೆಕ್ಕವನ್ನು ನಂಬಿಯೇ ಪರ್ವತ ಸವಾರಿಯ ಮಾದರಿಗಳಲ್ಲಿ ವಿನಿಮಯಕಗಳನ್ನು ಮೊಟಕುಗೊಳಿಸುತ್ತಾರೆ. ತೂಕ ಇಳಿಯುತ್ತದೆ, ಕರಗಿದ ನೀರು ಸುರಂಗದ ಮೇಲೆ ಮತ್ತೆ ಹೆಪ್ಪುಗಟ್ಟಿ ಹೊರೆಯಾಗುವುದೂ ಕಡಿಮೆಯಾಗುತ್ತದೆ.

ಲೆಕ್ಕ ತಪ್ಪುವುದು ಗಟ್ಟಿಯಾಗಿ ತುಳಿದ ದಾರಿಯಲ್ಲಿ ಮತ್ತು ಹೆಪ್ಪುಗಟ್ಟಿದ ಸರೋವರದ ಮೇಲೆ. ಅಲ್ಲಿ ಎರಚಲು ಸಡಿಲ ಹಿಮವೇ ಇಲ್ಲ, ಸುತ್ತಲಿನ ಗಾಳಿ ಮೈನಸ್ 20 ಡಿಗ್ರಿ ಇದ್ದರೂ ಎಂಜಿನ್ ಕುದಿಯಬಹುದು. ಮಂಜುಗಡ್ಡೆಯನ್ನು ಕೆರೆದು ಪುಡಿ ಎಬ್ಬಿಸುವ ಸ್ಕ್ರ್ಯಾಚರ್ ಸರಳುಗಳನ್ನು ಅದಕ್ಕಾಗಿಯೇ ಜೋಡಿಸುವುದು. ಟ್ರ್ಯಾಕ್ ಜಾರುವ ಪ್ಲಾಸ್ಟಿಕ್ ಪಟ್ಟಿಗಳಿಗೂ ಅದೇ ಪುಡಿ ಎಣ್ಣೆಯ ಕೆಲಸ ಮಾಡುತ್ತದೆ ಎಂಬುದನ್ನು ಬಹಳ ಮಂದಿ ಮರೆಯುತ್ತಾರೆ. ನನ್ನ ಪ್ರಕಾರ ಸ್ಕ್ರ್ಯಾಚರ್ ಐಚ್ಛಿಕ ಪರಿಕರವಾಗಿರಬಾರದು, ವಾಹನದ ಜೊತೆಗೇ ಬರಬೇಕು.

ಅತಿಯಾದ ತಂಪು ಇನ್ನೂ ಅಪಾಯಕಾರಿ. ಒಮ್ಮೆ ಪರೀಕ್ಷಾ ಘಟಕದಲ್ಲಿ ಬಿಚ್ಚಿದ ಪಿಸ್ಟನ್ ಒಂದರ ಸುತ್ತ ನಾಲ್ಕು ಕಡೆ, ಹೆಚ್ಚುಕಡಿಮೆ ಸಮಾನ ಅಂತರದಲ್ಲಿ, ಉಜ್ಜಿದ ಗೀರುಗಳಿದ್ದವು. ಸವಾರ ಬೆಳಗಿನ ಚಳಿಯಲ್ಲಿ ಎಂಜಿನ್ ಶುರುಮಾಡಿ ಒಂದೆರಡು ನಿಮಿಷಕ್ಕೇ ಪೂರ್ಣ ಥ್ರಾಟಲ್ ಕೊಟ್ಟಿದ್ದ. ಪಿಸ್ಟನ್ ಬೇಗ ಬಿಸಿಯಾಗಿ ಹಿಗ್ಗಿತು, ಸಿಲಿಂಡರ್ ಇನ್ನೂ ತಣ್ಣಗಿತ್ತು, ನಡುವಿನ ಕೂದಲೆಳೆಯಷ್ಟು ಅಂತರ ಮುಚ್ಚಿಹೋಯಿತು. ಕೂಲಂಟ್ ಬಿಸಿಯಾಗುವವರೆಗೆ ಅದರ ಹರಿವನ್ನು ತಡೆಯುವ ಕವಾಟ, ಥರ್ಮೋಸ್ಟ್ಯಾಟ್, ಒಮ್ಮೆಲೇ ತೆರೆದು ಸುರಂಗದಲ್ಲಿ ನಿಂತಿದ್ದ ಹಿಮದಂಥ ಕೂಲಂಟ್ ಸಿಲಿಂಡರಿಗೆ ನುಗ್ಗಿದರೂ ಇದೇ ಆಗುತ್ತದೆ. ಆದ್ದರಿಂದ ಹೊಸ ಮಾದರಿಯಲ್ಲಿ ಕೂಲಂಟ್ ಸುರಂಗಕ್ಕೆ ಹೋಗದೆ ಎಂಜಿನ್ನಿಗೇ ಮರಳುವ ಬೈಪಾಸ್ ಮಾರ್ಗ ಹೇಗಿದೆ, ತಣ್ಣನೆಯ ದ್ರವ ಬಿಸಿ ದ್ರವದೊಡನೆ ಬೆರೆತು ನಿಧಾನವಾಗಿ ಒಳಬರುತ್ತದೆಯೇ ಎಂದು ನಾನು ವಿಚಾರಿಸುತ್ತೇನೆ. ಇಂಧನ ಕಡಿಮೆಯಾಗಿ ಕೆಟ್ಟ ಪಿಸ್ಟನ್‌ನ ಗುರುತು ಬೇರೆ. ಅಲ್ಲಿ ಹಾನಿ ಸಾಮಾನ್ಯವಾಗಿ ಎಕ್ಸಾಸ್ಟ್ ರಂಧ್ರದ ಕಡೆಗೆ ಕೇಂದ್ರೀಕರಿಸುತ್ತದೆ, ಕೆಲವೊಮ್ಮೆ ನೆತ್ತಿಯೇ ಕರಗಿ ತೂತಾಗಿರುತ್ತದೆ.

ಇನ್ನು ಎಕ್ಸಾಸ್ಟ್. ಟೂ-ಸ್ಟ್ರೋಕ್ ಎಂಜಿನ್ನಿನಲ್ಲಿ ನಡುವೆ ಉಬ್ಬಿದ ಎಕ್ಸಾಸ್ಟ್ ಕೊಳವೆ ಹೊಗೆ ಹೋಗುವ ದಾರಿ ಮಾತ್ರವಲ್ಲ, ಎಂಜಿನ್ನಿನ ಉಸಿರಾಟದ ಅರ್ಧಭಾಗವೇ ಅದು. ಎಕ್ಸಾಸ್ಟ್ ರಂಧ್ರ ತೆರೆದಾಗ ಹೊರಡುವ ಒತ್ತಡದ ಅಲೆ ಅಗಲವಾಗುವ ಭಾಗದಲ್ಲಿ ಸೆಳೆತವಾಗಿ ಮರಳಿ ಸಿಲಿಂಡರನ್ನು ಖಾಲಿ ಮಾಡಲು ನೆರವಾಗುತ್ತದೆ. ಕಿರಿದಾಗುವ ಭಾಗದಲ್ಲಿ ಅದು ಒತ್ತಡವಾಗಿ ಹಿಂದಿರುಗಿ, ತಪ್ಪಿಸಿಕೊಂಡ ಹೊಸ ಮಿಶ್ರಣವನ್ನು ರಂಧ್ರ ಮುಚ್ಚುವ ಮೊದಲು ಒಳಕ್ಕೆ ತಳ್ಳುತ್ತದೆ. ಈ ಹೊಂದಾಣಿಕೆ ಅಲೆಯ ವೇಗವನ್ನು ಅವಲಂಬಿಸಿದೆ, ವೇಗ ಉಷ್ಣತೆಯನ್ನು. ಗಾಳಿಯಲ್ಲಿ ಶಬ್ದದ ವೇಗ 400 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸೆಕೆಂಡಿಗೆ ಸುಮಾರು 520 ಮೀಟರ್, 500 ಡಿಗ್ರಿಯಲ್ಲಿ ಸುಮಾರು 557 ಮೀಟರ್. ಅಂದರೆ 500 ಡಿಗ್ರಿಯಲ್ಲಿ ನಿಮಿಷಕ್ಕೆ 8000 ಸುತ್ತಿಗೆ ಹೊಂದಿಸಿದ ಕೊಳವೆ ನೂರು ಡಿಗ್ರಿ ತಣ್ಣಗಿದ್ದರೆ ಹೊಂದಿಕೊಳ್ಳುವುದು ಸುಮಾರು 7500 ಸುತ್ತಿಗೆ. ಕ್ಲಚ್ ಮಾತ್ರ ಎಂಜಿನ್ನನ್ನು 8000ದ ಆಸುಪಾಸಿನಲ್ಲೇ ಹಿಡಿದಿಡಲು ನೋಡುತ್ತದೆ. ಹೊರಟ ಕೂಡಲೇ ಎಳೆತ ಮಂಕಾಗಿ ಕಾಣುವುದೂ, ದೀರ್ಘ ಓಟದಲ್ಲಿ ಕೊಳವೆ ಮಿತಿಮೀರಿ ಕಾದಾಗ ಶಕ್ತಿ ಕುಸಿಯುವುದೂ ಬಹಳಷ್ಟು ಸಲ ಇದರಿಂದಲೇ. ಕೊಳವೆಯ ಉಷ್ಣತೆಯನ್ನು ಅಳೆದು ಕಿಡಿಯ ಸಮಯವನ್ನು ಸರಿಹೊಂದಿಸುವ ಸಂವೇದಕವನ್ನು ನಾನು ಅಲಂಕಾರವೆಂದು ಎಣಿಸದಿರುವುದು ಇದಕ್ಕೇ.

ಹಳೆಯ ಸೈಲೆನ್ಸರ್ ಕಿತ್ತು ಹಗುರವಾದದ್ದನ್ನು ಹಾಕಿಸುವವರಿಗೆ ಒಂದು ಮಾತು. ಗಾಳಿಯ ಸಾಂದ್ರತೆ ಸೊನ್ನೆ ಡಿಗ್ರಿಗಿಂತ ಮೈನಸ್ 30ರಲ್ಲಿ ಶೇಕಡಾ 12ರಷ್ಟು ಹೆಚ್ಚು, ಇಂಧನವೂ ಅಷ್ಟೇ ಹೆಚ್ಚು ಬೇಕು. ಇಂಜೆಕ್ಷನ್ ವ್ಯವಸ್ಥೆ ಆ ವ್ಯತ್ಯಾಸವನ್ನು ಸರಿದೂಗಿಸುತ್ತದೆ, ಆದರೆ ಯಾವಾಗ ಎಷ್ಟು ಇಂಧನ ಎಂದು ಹೇಳುವ ಅದರ ನಕ್ಷೆಯನ್ನು ಕಾರ್ಖಾನೆಯ ಸೈಲೆನ್ಸರ್ ಹೊಗೆಗೆ ಒಡ್ಡುವ ತಡೆಯನ್ನು, ಅಂದರೆ ಹಿಂದೊತ್ತಡವನ್ನು, ಆಧರಿಸಿ ಬರೆದದ್ದು. ಆ ಆಧಾರವನ್ನೇ ಬದಲಿಸಿದರೆ ಅತಿ ಚಳಿಯ ದಿನ, ಪೂರ್ಣ ಥ್ರಾಟಲ್‌ನಲ್ಲಿ, ಪಿಸ್ಟನ್‌ಗೆ ಉಳಿದಿದ್ದ ಸುರಕ್ಷೆಯ ಅಂಚು ಕರಗಿಹೋಗುತ್ತದೆ.

ಹೊಸ ಮಾದರಿ ಕೊಂಡವರು ಮೊದಲ ಕೆಲವು ನೂರು ಕಿಲೋಮೀಟರ್‌ಗಳ ನಂತರ, ಎಂಜಿನ್ ಪೂರ್ತಿ ತಣ್ಣಗಾದ ಮೇಲೆ, ಹುಡ್ ತೆರೆದು ಕೊಳವೆಯ ಕೀಲುಗಳನ್ನು ನೋಡಬೇಕು. ಎಂಜಿನ್ ರಬ್ಬರ್ ಆಸರೆಗಳ ಮೇಲೆ ಅಲುಗುವುದರಿಂದ ಕೊಳವೆಯನ್ನು ಬೋಲ್ಟ್ ಹಾಕಿ ಬಿಗಿಯದೆ ಸ್ಪ್ರಿಂಗುಗಳಿಂದ ಹಿಡಿದಿಟ್ಟಿರುತ್ತಾರೆ, ನಡುವೆ ಉಂಗುರದಂಥ ಗ್ಯಾಸ್ಕೆಟ್ ಇರುತ್ತದೆ. ಅಲ್ಲಿ ಕಪ್ಪು ಮಸಿ ಹರಡಿದ್ದರೆ ಬಿಸಿ ಅನಿಲ ಸೋರುತ್ತಿದೆ ಎಂದರ್ಥ. ಅದು ಹುಡ್‌ನ ಪ್ಲಾಸ್ಟಿಕ್ಕನ್ನು ಕರಗಿಸಬಹುದು, ಕ್ಲಚ್ ಬೆಲ್ಟಿನ ಆಯುಸ್ಸನ್ನು ಕಡಿಮೆ ಮಾಡಬಹುದು, ಒಳಸೇರುವ ಗಾಳಿಯೊಡನೆ ಬೆರೆತು ಎಂಜಿನ್ನಿನ ಉಸಿರನ್ನೇ ಕೆಡಿಸಬಹುದು. ಗ್ಯಾಸ್ಕೆಟ್ ಬದಲಿಸುವಾಗ ದಣಿದ ಸ್ಪ್ರಿಂಗುಗಳನ್ನೂ ಬದಲಿಸಿರಿ, ಸಡಿಲವಾದ ಸ್ಪ್ರಿಂಗ್ ಹೊಸ ಗ್ಯಾಸ್ಕೆಟ್ಟನ್ನೂ ಬೇಗನೆ ತಿಂದುಹಾಕುತ್ತದೆ.